ಖಾಂದೇರಿಗೆ, ಸಂಜೆಯೊಳಗೆ ಮರಳುವಂತೆ

ಅತ್ತೆಯವರೇ,

ನೀವು ಇದ್ದಾಗ ನಿಮಗೆ ನಾನು ಒಂದೂ ಪತ್ರ ಬರೆದವಳಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದವರು ಪತ್ರ ಯಾಕೆ ಬರೆದುಕೊಳ್ಳಬೇಕು? ಎದುರುಬದುರು ಆಡಿದ ಮಾತಾದರೂ ಎಷ್ಟು? ಅಕ್ಕಿ ಎಷ್ಟು ಹಾಕಲಿ, ನಳ ಬಂತೇನು, ಇವರು ಕಚೇರಿಯಿಂದ ಬಂದರೇನು... ಇಷ್ಟೇ. ನಮ್ಮಲ್ಲಿ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಮಾವನವರು ತೀರಿಕೊಂಡ ಮೇಲೆ ನೀವು ಅಥಣಿಯ ಮನೆ ಮುಚ್ಚಿ ಹಿರಿಯ ಮಗನ ಹಿಂದೆ ಪುಣೆಗೆ ಬಂದಿರಿ. ನಾನು ಧಾರವಾಡದಿಂದ ಅವರ ಕೈ ಹಿಡಿದು ಬಂದೆ. ನಾರಾಯಣ ಪೇಟೆಯ ಆ ವಾಡೆಯ ಮಾಳಿಗೆಯಲ್ಲಿ, ಎರಡು ಕೋಣೆಗಳಲ್ಲಿ, ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಿಕೊಂಡು ಇದ್ದುಬಿಟ್ಟಿದ್ದೆವು. ನಾವಿಬ್ಬರೂ ಕೂಡಿ ಮಾಡಿದ್ದು ಒಂದೇ ಒಂದು ಕೆಲಸ, ಖಾಂದೇರಿಗೆ ಹೋಗಿದ್ದು. ಅದರ ವಿಷಯ ಬರೆಯುತ್ತೇನೆ.

ಮಾಧವ ಮನೆ ಬಿಟ್ಟ ದಿನ ನೀವು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಿರಿ. ನಿಮ್ಮ ಕಿರಿಯ ಮಗನಿಗೆ ಬೆಳಗಾವಿಯ ಹುಡುಗಿ ಗೊತ್ತಾಗಿ, ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ಅವನು ಕಾಲೇಜಿಗೆ ಹೋಗುವವನಂತೆ ಹೋದ. ಸಂಜೆ ಅವನ ಗೆಳೆಯನೊಬ್ಬ ಬಂದು, 'ಮಾಧವ ಊರು ಬಿಟ್ಟಾನ್ರಿ, ಲಗ್ನಾ ನಿಲ್ಲಸರಿ ಅಂತ ಹೇಳ್ಯಾನ' ಎಂದು ಬಾಗಿಲಲ್ಲೇ ಹೇಳಿ ಇಳಿದುಹೋದ. ಇವರು ಬೆಳಗಾವಿಗೆ ಹೋಗಿ ಹುಡುಗಿಯ ತಂದೆಯ ಕಾಲು ಹಿಡಿದು ಬಂದರು. ಆ ಮನೆಯಲ್ಲಿ ಏನೇನು ಕೇಳಿಸಿಕೊಂಡರೋ, ನಮಗೆ ಹೇಳಲಿಲ್ಲ. ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತ, 'ಇನ್ನ ಮ್ಯಾಲೆ ಅವನ ಹೆಸರು ಈ ಮನ್ಯಾಗ ಯಾರೂ ತಗೀಬಾರದು' ಎಂದರು. ಆ ಹುಡುಗಿಗೆ ಮುಂದೆ ಒಳ್ಳೆಯ ಕಡೆಯೇ ಲಗ್ನವಾಯಿತು. ಈಗ ಹುಬ್ಬಳ್ಳಿಯಲ್ಲಿ ಮಕ್ಕಳೊಂದಿಗೆ ಸುಖವಾಗಿದ್ದಾಳಂತೆ. ಇವರ ಹಟ ಮಾತ್ರ ಇದ್ದಲ್ಲೇ ಇತ್ತು.

ಲೇಲೆ ಕಾಕೂ ಹಿತ್ತಲ ನಳದ ಕಟ್ಟೆಯ ಮೇಲೆ ಆ ಸುದ್ದಿ ಹೇಳಿದ್ದು ನೆನಪಿದೆಯೇ? ಕೆಳಗಿನ ಮನೆಯ ಆಕೆಯ ತವರು ಅಲಿಬಾಗ. ಅಲ್ಲಿಂದ ಬಂದಿದ್ದ ಆಕೆಯ ತಮ್ಮ, ಮಾತಿನ ನಡುವೆ, ಖಾಂದೇರಿಯ ದೀಪಸ್ತಂಭಕ್ಕೆ ಹೊಸಬನೊಬ್ಬ ಬಂದಿದ್ದಾನೆ, ಕಾನಡಿ ಹುಡುಗ, ಪುಣೆಯಲ್ಲಿ ಓದಿದವನು, ಹೆಸರು ಮಾಧವ ಎಂದನಂತೆ. ಕಾಕೂ ಮರಾಠಿಯಲ್ಲಿ ಹೇಳಿದ್ದನ್ನು ನೀವು ಪೂರಾ ತಿಳಿಯದೆ ನನ್ನ ಕಡೆ ತಿರುಗಿದಿರಿ. 'ದೀಪಸ್ತಂಭ ಅಂದರ ಯಾ ದೇವರ ಗುಡೀದು?' ಗುಡಿಯದಲ್ಲ, ಸಮುದ್ರದಲ್ಲಿ ಒಂದು ದ್ವೀಪ, ಅದರ ಮೇಲೆ ಹಡಗುಗಳಿಗೆ ದಾರಿ ತೋರಿಸುವ ದೊಡ್ಡ ದೀಪ, ಅದನ್ನು ನೋಡಿಕೊಳ್ಳುವ ಕೆಲಸ ಎಂದು ನಾನು ಹೇಳಿದೆ. ಕೊಡ ತುಂಬಿ ಹರಿಯುತ್ತಿತ್ತು. ನೀವು ನಳ ಬಂದ್ ಮಾಡಲಿಲ್ಲ. 'ಅಂದರ ದಿನಾ ದೀಪಾ ಹಚ್ಚೂದು' ಎಂದಿರಿ. 'ಕೆಟ್ಟ ಕೆಲಸಂತೂ ಅಲ್ಲ.'

ಇವರು ಸೈಕಲ್ ಹತ್ತಿ ಲಷ್ಕರದ ಕಚೇರಿಗೆ ಹೋದ ಮೇಲೆ, ಮಧ್ಯಾಹ್ನದ ಹೊತ್ತು, ದ್ವೀಪಕ್ಕೆ ಹೋಗಿಬರುವ ನಮ್ಮ ಹಂಚಿಕೆ ಶುರುವಾಗುತ್ತಿತ್ತು. ಅಕ್ಕಿ ಆರಿಸುವ ನೆವದಲ್ಲಿ ಮೂವರೂ ಕೂತಿರುತ್ತಿದ್ದೆವು. ಕಾಕೂ ಮೊರದಲ್ಲಿದ್ದ ಅಕ್ಕಿಯನ್ನು ಬೆರಳಿನಿಂದ ಸರಿಸಿ ಹಾದಿ ತೋರಿಸುತ್ತಿದ್ದರು. ಇದು ಪುಣೆ, ಇದು ಖಂಡಾಳದ ಘಾಟು, ಇದು ಅಲಿಬಾಗ. ಅಲ್ಲಿಂದ ಟಾಂಗಾದಲ್ಲಿ ಥಳ ಎಂಬ ಮೀನುಗಾರರ ಊರು. ಥಳದ ದಂಡೆಯಲ್ಲಿ ನಿಂತರೆ ಎದುರಿಗೇ ಖಾಂದೇರಿ. ದೀಪಸ್ತಂಭಕ್ಕೆ ಅಕ್ಕಿ ಬೇಳೆ ಒಯ್ಯುವ ಹಾಯಿದೋಣಿಯವನು ಕಾಕೂ ಅವರ ತಮ್ಮನಿಗೆ ಪರಿಚಯದವನು. ಬೆಳಿಗ್ಗೆ ಹೊರಟರೆ ಬಿಸಿಲೇರುವಷ್ಟರಲ್ಲಿ ದ್ವೀಪ, ಮಗನ ಜೊತೆ ಊಟ, ಹೊತ್ತು ಮುಳುಗುವುದರೊಳಗೆ ವಾಪಸು. ನೀವು ಎಲ್ಲ ಕೇಳಿಸಿಕೊಂಡು ಕೇಳುತ್ತಿದ್ದದ್ದು ಒಂದೇ. 'ಸಮುದ್ರ ನಮ್ಮ ಕೃಷ್ಣಾ ಹೊಳೀಗಿಂತ ಅಗಲ ಇರ್ತದೇನ್ರಿ?' ಕಾಕೂ ನಗುತ್ತಿದ್ದರು. ನಿಮಗೆ ನಗು ಬರುತ್ತಿರಲಿಲ್ಲ. 'ನಾ ಹೊಳೀ ದಂಡೀ ಮ್ಯಾಲೆ ಹುಟ್ಟಾಕಿ. ಶ್ರಾವಣದ ಹೊಳ್ಯಾಗ ನಾವೀ ಹತ್ತೀನಿ. ನೀ ಅಂಜಬ್ಯಾಡ ಶಾಂತಾ' ಎಂದು ನನಗೇ ಧೈರ್ಯ ಹೇಳುತ್ತಿದ್ದಿರಿ. ನಾನು ಅಂಜಿಲ್ಲ ಎಂದರೂ ಹೇಳುತ್ತಿದ್ದಿರಿ.

ಮಾಘದಲ್ಲೇ ಹೋಗಬೇಕೆಂದು ಕಾಕೂ ಮೊದಲೇ ಎಚ್ಚರಿಸಿದ್ದರು. ಮಾಘ, ಫಾಲ್ಗುಣ ಎಂದರೆ ಸಮುದ್ರ ತಟ್ಟೆಯಂತೆ ಇರುತ್ತದಂತೆ. ವೈಶಾಖ ದಾಟಿದರೆ ಅದರ ಭರವಸೆ ಇಲ್ಲ. ಆದರೆ ಮಾಘದಲ್ಲಿ ಹೋಗಲು ನಮಗೆ ನೆವ ಎಲ್ಲಿತ್ತು? ಎರಡು ಹೆಂಗಸರು ಸುಮ್ಮಸುಮ್ಮನೆ ಅಲಿಬಾಗಕ್ಕೆ ಯಾಕೆ ಹೋಗಬೇಕು? ನೆವವಾಗಿ ಸಿಕ್ಕಿದ್ದು ಕಾಕೂ ಅವರ ತಮ್ಮನ ಮಗನ ಮುಂಜಿ. ಅದರ ಮುಹೂರ್ತ ಬಂದದ್ದು ವೈಶಾಖದ ಕೊನೆಗೆ. 'ಇರ್ಲಿ, ಹೊಳಿ ಬ್ಯಾಸಿಗ್ಯಾಗ ಇಳೀತದ' ಎಂದಿರಿ ನೀವು. ಸಮುದ್ರಕ್ಕೆ ಹಾಗಿಲ್ಲ ಎಂದು ನಿಮಗೆ ಹೇಗೆ ತಿಳಿಯಬೇಕು? ನನಗಾದರೂ ಎಲ್ಲಿ ತಿಳಿದಿತ್ತು?

ಇವರ ಒಪ್ಪಿಗೆಯನ್ನು ನೀವೇ ಕೇಳಿದಿರಿ. ನಾನು ಬಡಿಸುತ್ತಿದ್ದೆ. 'ಲೇಲೆ ಕಾಕೂ ಅವರ ಮನೀ ಮುಂಜ್ವಿಗೆ ಅಲಿಬಾಗಕ್ಕ ಹೋಗಿ ಬರ್ತೀವಿ' ಎಂದಿರಿ. ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು.

'ಅಲಿಬಾಗದಾಗ ಏನದ ಅವ್ವಾ?'

'ಸಮುದ್ರ ಅದ.'

'ಸಮುದ್ರ ನೋಡಿ ಏನ ಮಾಡ್ತಿ?'

'ನೋಡ್ತೀನಿ.'

ಅವರು ಮತ್ತೆ ಕಲಸತೊಡಗಿದರು. 'ಹೋಗಿ ಬರ್ರಿ. ನಾ ಖಾನಾವಳ್ಯಾಗ ಉಣ್ತೀನಿ' ಎಂದರು. ಮಾಧವ ಅಲ್ಲಿದ್ದಾನೆಂದು ಅವರಿಗೆ ಗೊತ್ತಿತ್ತೇ? ಕಚೇರಿಯಲ್ಲಿ ಯಾರಾದರೂ ಹೇಳಿರಬಹುದೇ? ಅಥವಾ ಯಾವುದಾದರೂ ರಜೆಯ ದಿನ ಮಾಳಿಗೆಯ ಮೇಲಿನಿಂದ ನಮ್ಮ ಮಾತು ಕಿವಿಗೆ ಬಿದ್ದು... ನಾನು ಇವತ್ತಿನವರೆಗೂ ಕೇಳಿಲ್ಲ.

ಹೊರಡುವ ಮುಂಚಿನ ದಿನಗಳಲ್ಲಿ ನೀವು ಅಡಿಗೆಮನೆಯನ್ನು ನನ್ನ ಕೈಗೆ ಕೊಡಲಿಲ್ಲ. ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ. ಮುಂಜಿಯ ಮನೆಗೆ ಇಷ್ಟು ರೊಟ್ಟಿ ಯಾಕೆಂದು ಇವರು ಕೇಳಲಿಲ್ಲ. ರೊಟ್ಟಿಗೆ ಎಳ್ಳು ಹಚ್ಚುತ್ತ ಒಮ್ಮೆ ನೀವಾಗಿಯೇ ಹೇಳಿದಿರಿ: 'ನಾ ಅವಗ ಬೈಯಾಂಗಿಲ್ಲ. ವಾಪಸ್ ಬಾ ಅಂತನೂ ಅನ್ನಾಂಗಿಲ್ಲ. ಯಾಕ ಹೋದಿ, ಇದೊಂದ ಕೇಳ್ತೀನಿ. ತಾಯಿಗೆ ಅಷ್ಟು ಹಕ್ಕರೆ ಅದನೋ ಇಲ್ಲೋ?' ನಾನು ಅದ ಎಂದೆ. ಇಷ್ಟು ವರ್ಷಗಳಲ್ಲಿ ನೀವು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

ಅಲಿಬಾಗದ ದಂಡೆಯಲ್ಲಿ ನೀವು ಮೊದಲ ಸಲ ಸಮುದ್ರ ಕಂಡಾಗ ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಕೈ ಮುಗಿಯುತ್ತೀರಿ ಎಂದುಕೊಂಡಿದ್ದೆ. ನೀವು ನೆತ್ತಿಯ ಮೇಲಿನ ಕೆಂಪು ಸೆರಗನ್ನು ಗಾಳಿಗೆ ಹಾರದಂತೆ ಹಿಡಿದುಕೊಂಡು, ಆ ತುದಿಯಿಂದ ಈ ತುದಿಯವರೆಗೆ ನೋಡಿ, 'ಆಚೀ ದಂಡೀನ ಇಲ್ಲಲ್ಲ' ಎಂದಿರಿ. ದೂರು ಹೇಳಿದಂತಿತ್ತು. ಮುಂಜಿ ಮುಗಿದ ಮರುದಿನ ಬೆಳಿಗ್ಗೆ ಕಾಕೂ ಅವರ ತಮ್ಮ ನಮ್ಮನ್ನು ಟಾಂಗಾದಲ್ಲಿ ಥಳಕ್ಕೆ ಕರೆದೊಯ್ದರು. ನಾವು ಬರುವ ಸುದ್ದಿ ಮಾಧವನಿಗೆ ಮೊದಲೇ ಮುಟ್ಟಿತ್ತು. ದೋಣಿಯ ತಾಂಡೇಲ, ಆ ದೋಣಿ ನಡೆಸುವ ಕೋಲಿ ಎಂಬ ಮೀನುಗಾರ ಕುಲದ ಮುದುಕ, ನಮ್ಮನ್ನು ನೋಡಿದ ಮೇಲೆ ಆಕಾಶ ನೋಡಿದ. ಗಾಳಿ ತಿರುಗಿದೆ, ಹೋಗುವುದೇನೋ ಆಗುತ್ತದೆ, ಇಳಿಯುವುದರ ಖಾತ್ರಿ ಇಲ್ಲ ಎಂದ. ಕಾಕೂ ಹಿಂದೆ ಸರಿದರು. ಆಕೆಯ ತಮ್ಮನೂ ಬೇಡವೆಂದರು. ನೀವು ಚಪ್ಪಲಿ ಕೈಯಲ್ಲಿ ಹಿಡಿದು ಆಗಲೇ ಮೊಣಕಾಲು ನೀರಿನಲ್ಲಿದ್ದಿರಿ. ನಾನೊಬ್ಬಳೇ ಹಿಂದೆ ಹೇಗೆ ಉಳಿಯಲಿ?

ದೋಣಿ ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೆ ನಾನು ಎರಡೂ ಕೈಯಿಂದ ಅಂಚು ಹಿಡಿದುಕೊಂಡೆ. ನೀವು ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದಿರಿ. ದ್ವೀಪ ಹತ್ತಿರ ಬಂದಂತೆ ಕೋಟೆಯ ಗೋಡೆ, ಎರಡು ಗುಡ್ಡ, ಒಂದರ ಮೇಲೆ ಬಿಳಿಯ ದೀಪಸ್ತಂಭ ಕಂಡವು. ಎರಡು ಗುಡ್ಡಗಳ ನಡುವೆ ಇಳಿಯುವ ಕಟ್ಟೆ. ಅದರ ಮೇಲೆ ಒಬ್ಬ ನಿಂತಿದ್ದ. ಅವನು ಮಾಧವ ಎಂದು ನನಗೆ ಗುರುತು ಹತ್ತಲಿಲ್ಲ, ನಿಮಗೆ ಹತ್ತಿತು. ತಾಂಡೇಲ ಒಮ್ಮೆ ದೋಣಿಯನ್ನು ಕಟ್ಟೆಯ ಹತ್ತಿರ ತಂದ. ತೆರೆ ಬಂದು ನಮ್ಮನ್ನು ಎತ್ತಿ ಕಲ್ಲಿನ ಮೇಲೆ ಹಾಕುವಂತೆ ಮಾಡಿತು, ಅವನು ಕೂಗುತ್ತ ಹಿಂದಕ್ಕೆ ತಿರುಗಿಸಿದ. ಇನ್ನೊಮ್ಮೆ ತಂದ. ಮತ್ತೆ ಅದೇ. ಮೂರನೆಯ ಸಲ ಅವನು ಹತ್ತಿರವೇ ಹೋಗಲಿಲ್ಲ. 'ನಾಹೀ ಆಜೀ, ನಾಹೀ' ಎಂದ. ನೀವು ನನ್ನ ಮುಖ ನೋಡಿದಿರಿ. ಇಷ್ಟು ಮರಾಠಿಯನ್ನು ನಿಮಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಮಾಧವ ಕಟ್ಟೆಯ ತುದಿಗೆ ಬಂದು ನಿಂತ. ತೆರೆ ಅವನ ಮೊಣಕಾಲಿನವರೆಗೆ ಹೊಡೆಯುತ್ತಿತ್ತು. ನಮ್ಮ ವಾಡೆಯ ಅಂಗಳದ ಈ ಕಡೆಯಿಂದ ಆ ಕಡೆಗೆ ಎಷ್ಟಿದೆಯೋ ಅಷ್ಟೇ ನೀರು ನಡುವೆ. 'ಅವ್ವಾ!' ಎಂದು ಕೂಗಿದ. ತಾಂಡೇಲ ದೋಣಿಯನ್ನು ಅಲ್ಲೇ ತೂಗಾಡಿಸುತ್ತ ನಿಲ್ಲಿಸಿದ. ನೀವು ಎದ್ದು ನಿಂತಿರಿ. ಬೀಳುತ್ತೀರೆಂದು ನಾನು ನಿಮ್ಮ ಸೊಂಟ ಹಿಡಿದುಕೊಂಡೆ. ಹಾಗೆ ನಿಮ್ಮನ್ನು ಮುಟ್ಟಿದ್ದು... ಇರಲಿ. ಇಡೀ ಚಳಿಗಾಲ, ಇಡೀ ಬೇಸಿಗೆ ಕಾದು ಇಟ್ಟುಕೊಂಡಿದ್ದ ಮಾತನ್ನು ನೀವು ಕೂಗಿದಿರಿ.

'ಯಾಕ ಹೋದೀ?'

ಅವನು ಕಿವಿಗೆ ಕೈ ಹಚ್ಚಿದ. ನೀವು ಇನ್ನೂ ಜೋರಾಗಿ ಕೂಗಿದಿರಿ. 'ಮಾಧೂ, ಯಾಕ ಹೋದಿಯೋ?'

ಅವನ ಮುಖ ಅರಳಿತು. 'ಓದ್ತೀನವ್ವಾ! ಭಾಳ ಓದ್ತೀನಿ! ಪುಸ್ತಕ ರಗಡ ಅವ ಇಲ್ಲೆ!'

ಗಾಳಿಗೆ ನಿಮ್ಮ ಮಾತು ಅರ್ಧ ಹಾರಿಹೋಗಿ ಅವನಿಗೆ 'ಓದಿಯೋ' ಎಂದಷ್ಟೇ ಮುಟ್ಟಿತ್ತು. ಮೂರನೆಯ ಸಲ ಕೇಳುತ್ತೀರಿ ಎಂದು ನಾನು ಕಾದೆ. ನೀವು ಕೂಗಿದ್ದು, 'ಕಣ್ಣು ಜ್ವಾಕಿ!'

ಹಗ್ಗ ಎಸೆದವನು ಮಾಧವನೋ ತಾಂಡೇಲನೋ, ನನಗೆ ಸರಿಯಾಗಿ ನೆನಪಿಲ್ಲ. ಗಂಟನ್ನು ಹಗ್ಗಕ್ಕೆ ಕಟ್ಟಿದ್ದು ಮಾತ್ರ ನಾನೇ. ಅವನು ಎಳೆದುಕೊಳ್ಳುವಾಗ ಅದು ನೀರಿನಲ್ಲಿ ಮುಳುಗಿ ಎದ್ದಿತು. ಅವನು ಅದನ್ನು ಎದೆಗೆ ಅವಚಿಕೊಂಡು ನಿಂತ. 'ರೊಟ್ಟಿ ತೊಯ್ದಾವು! ಬಿಸಲಿಗೆ ಹಾಕು!' ಎಂದು ನೀವು ಕೂಗಿದಿರಿ. ಅದು ಅವನಿಗೆ ಸರಿಯಾಗಿ ಕೇಳಿಸಿತು, 'ಹಾಕ್ತೀನಿ, ಹಾಕ್ತೀನಿ' ಎಂದ. ಆಮೇಲೆ, 'ಅಣ್ಣಾ ಹ್ಯಾಂಗಿದ್ದಾನ?' ಎಂದು ಕೇಳಿದ. ನೀವು ಕೈ ಎತ್ತಿ ಬೀಸಿದಿರಿ. ಆರಾಮ ಎಂದೋ, ಅದನ್ನು ಕೇಳಬೇಡ ಎಂದೋ? ತಾಂಡೇಲ ಹಾಯಿ ತಿರುಗಿಸಿದ. ಒಂದು ಊಟದ ಹೊತ್ತು ಕೂತು ಬರುವ ಹಂಚಿಕೆ ಅಷ್ಟಕ್ಕೇ ಮುಗಿಯಿತು.

ಮರಳುವಾಗ ನಾನು ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡೆ. ನೀವು ಬೆನ್ನು ತಿಕ್ಕುತ್ತ ಇದ್ದಿರಿ. ನನಗೆ ಸಮಾಧಾನವಾದ ಮೇಲೆ ಕೇಳಿದಿರಿ.

'ಅವಗ ಕೇಳಿಸಲಿಲ್ಲಲ್ಲ, ನಾ ಅಂದದ್ದು?'

'ಇಲ್ರಿ.'

'ಛಲೋ ಆತು' ಎಂದಿರಿ. ಆಮೇಲೆ, 'ಮೈ ಹಿಡದಾನ. ಉಂಡು ಅದಾನ' ಎಂದಿರಿ. ನೀವು ಅತ್ತಿರೇ? ಎಲ್ಲರ ಮುಖದ ಮೇಲೂ ನೀರೇ ಇತ್ತು, ಹೇಳಲಾರೆ.

ಪುಣೆಗೆ ಬಂದ ಸಂಜೆ ನೀವು ಇವರಿಂದ ಏನನ್ನೂ ಮುಚ್ಚಿಡಲಿಲ್ಲ. ಅವರು ಕಾಲು ತೊಳೆದು ಒಳಗೆ ಬರುತ್ತಿದ್ದಂತೆಯೇ, 'ಮಾಧೂನ್ನ ನೋಡಿ ಬಂದೆ' ಎಂದಿರಿ. ಆ ಮನೆಯಲ್ಲಿ ಆ ಹೆಸರು ಮತ್ತೆ ಕೇಳಿದ್ದು ಆಗಲೇ. ನಾನು ಒಲೆಯ ಮುಂದೆ ಕೂತವಳು ತಿರುಗಿ ನೋಡಲಿಲ್ಲ. ಇವರು ಸಿಟ್ಟಾಗಲಿಲ್ಲ. ಪಂಚೆ ಉಟ್ಟುಕೊಂಡು, ಸಂಧ್ಯಾವಂದನೆ ಮುಗಿಸಿ, ಊಟಕ್ಕೆ ಕೂತ ಮೇಲೆ ಕೇಳಿದರು. 'ಇಳಿಯಾಕ ಬಂತೇನು?' ನೀವು ಇಲ್ಲ ಎಂದಿರಿ. 'ಹಂಗಾರ ನೋಡಿಧಂಗ ಎಲ್ಲೆ ಆತು' ಎಂದು ಮಜ್ಜಿಗೆ ಬಡಿಸಿಕೊಂಡರು. ಅದು ಕೊಂಕೋ ಮರುಕವೋ? ನೀವೂ ಆ ರಾತ್ರಿಯೆಲ್ಲ ಅದನ್ನೇ ಯೋಚಿಸಿದಿರೆಂದು ಕಾಣುತ್ತದೆ. ಬೆಳಿಗ್ಗೆ ಎದ್ದವರೇ, 'ಬರೂ ಮಾಘದಾಗ ಹೋಗೋಣ, ಇಳಿದ ಬರೋಣ' ಎಂದಿರಿ, ನನಗಷ್ಟೇ ಅಲ್ಲ, ಅವರಿಗೂ ಕೇಳುವಂತೆ.

ಆ ಮಾಘ ಬರುವಷ್ಟರಲ್ಲಿ ಮಹಾಯುದ್ಧ ಶುರುವಾಗಿತ್ತು. ಹೊರಗಿನವರನ್ನು ದ್ವೀಪಕ್ಕೆ ಬಿಡುವುದಿಲ್ಲವೆಂದು ಕಾಕೂ ಅವರ ತಮ್ಮ ಹೇಳಿಕಳಿಸಿದರು. ಮುಗಿದ ಮೇಲೆ ಹೋಗೋಣ ಎಂದು ನೀವು ಪ್ರತಿ ಮಾಘದಲ್ಲೂ ಹೇಳಿದಿರಿ. ರೇಶನ್ನಿನ ಸಾಲು ಬಂತು, ಸಜ್ಜೆ ಸಿಗದಾಯಿತು, ನಿಮ್ಮ ಉಸಿರಾಟ ಕೆಟ್ಟಿತು. ಕೊನೆಯ ದಿನಗಳಲ್ಲಿ ಮಾಧವನಿಗೆ ತಂತಿ ಕೊಡಲೇ ಎಂದು ನಾನು ನಿಮ್ಮ ಕಿವಿಯಲ್ಲಿ ಕೇಳಿದೆ. 'ಅಲ್ಲಿ ದೀಪಾ ಯಾರು ನೋಡ್ತಾರ?' ಎಂದಿರಿ. ನಾನು ಕೊಟ್ಟೆ. ಅವನು ಬರುವಷ್ಟರಲ್ಲಿ ಓಂಕಾರೇಶ್ವರದ ಸ್ಮಶಾನಘಾಟಿನಲ್ಲಿ ಎಲ್ಲ ಮುಗಿದಿತ್ತು. ಅವನು ಕೆಳಗೆ ಕಾಕೂ ಅವರ ಮನೆಯಲ್ಲೇ ಸ್ನಾನ ಮಾಡಿ, ಅಲ್ಲೇ ಸ್ವಲ್ಪ ಹೊತ್ತು ಕೂತು, ಮೆಟ್ಟಿಲು ಹತ್ತದೆ ಹೋದ. ಇವರು ಮೇಲಿನ ಕಿಟಕಿಯಲ್ಲಿ ನಿಂತಿದ್ದರು. ಒಬ್ಬರು ಇಳಿಯಲಿಲ್ಲ, ಒಬ್ಬರು ಹತ್ತಲಿಲ್ಲ. ನಡುವೆ ಎಷ್ಟು ಮೆಟ್ಟಿಲು...

ಯುದ್ಧ ಮುಗಿದ ಮೇಲೆ, ಈ ವರ್ಷದ ಮಾಘದಲ್ಲಿ ಒಂದು ದಿನ ಇವರು ಕೈಚೀಲದಲ್ಲಿ ಒಂದು ಪಂಚೆ, ಒಂದು ಟವೆಲು ತುರುಕಿಕೊಂಡು, 'ಮುಂಬೈಗೆ ಕಚೇರಿ ಕೆಲಸ ಅದ' ಎಂದರು. ಮರುದಿನ ಬರುತ್ತೇನೆಂದವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಚೇರಿಯಿಂದ ಜವಾನ ಮನೆಗೆ ಬಂದು, ಸಾಹೇಬರು ರಜೆ ಮುಂದುವರಿಸಲು ತಂತಿ ಕಳಿಸಿದ್ದಾರೆ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ. ತಂತಿ ಎಲ್ಲಿಂದ ಬಂತು ಎಂದೆ. 'ಅಲಿಬಾಗ' ಎಂದ. ಜ್ವರ ಬಂದರೂ ರಜೆ ಹಾಕದ ಮನುಷ್ಯ, ಅತ್ತೆಯವರೇ. ನಾನು ಜವಾನನಿಗೆ ಚಹಾ ಮಾಡಿಕೊಟ್ಟೆ.

ಅವರು ಬಂದಾಗ ಮುಖ, ಕತ್ತು ಬಿಸಿಲಿಗೆ ಕರ್ರಗಾಗಿದ್ದವು. ನಾನು ಕಾಲಿಗೆ ನೀರು ಕೊಟ್ಟು ಬಡಿಸಿದೆ. ಊಟವಾದ ಮೇಲೆ ಅವರೇ ಶುರು ಮಾಡಿದರು. ಸಮುದ್ರ ತಣ್ಣಗಿತ್ತಂತೆ, ಬೇಸಾಯವಿಲ್ಲದ ಹೊಲದ ಹಾಗೆ. ಒಂದೇ ಸಲಕ್ಕೆ ಇಳಿದರಂತೆ. ಕಟ್ಟೆಯ ಮೇಲೆ ಮಾಧವ ಅವರ ಕೈ ಹಿಡಿದು ಮೇಲೆ ಎಳೆದುಕೊಂಡನಂತೆ. ಸಂಜೆ ದೋಣಿ ಹೊರಡುವ ಹೊತ್ತಿಗೆ ತಾಂಡೇಲ ಕೂಗಿದಾಗ, 'ನೀ ಹೋಗು, ನಾಳೆ ಬಾ' ಎಂದು ಕಳಿಸಿಬಿಟ್ಟರಂತೆ. ಮರುದಿನವೂ ಹಾಗೆಯೇ ಕಳಿಸಿದರಂತೆ. ಯಾಕೆ ಹೋದೆ ಎಂದು ತಮ್ಮನನ್ನು ಕೇಳಿದರೋ ಇಲ್ಲವೋ, ಅದನ್ನು ಹೇಳಲಿಲ್ಲ. ನಾನು ಕೇಳುವುದೂ ಇಲ್ಲ. ಶ್ರಾವಣದಲ್ಲಿ ಮಾಧವನಿಗೆ ರಜೆ ಇದೆ, ಇಲ್ಲಿಗೇ ಬರುತ್ತಾನೆ ಎಂದಷ್ಟು ಹೇಳಿ ಹಾಸಿಗೆ ಬಿಚ್ಚಿಕೊಂಡರು.

ಆಮೇಲೆ, ಮಲಗಿದವರು ಮತ್ತೆ ಎದ್ದು ಕೂತು, ಒಂದು ಮಾತು ಹೇಳಿದರು. ಮೊದಲ ದಿನ ಹೊತ್ತು ಮುಳುಗುವಾಗ ಇಬ್ಬರೂ ದೀಪಸ್ತಂಭದ ಮೆಟ್ಟಿಲು ಹತ್ತಿ ಮೇಲೆ ಹೋದರಂತೆ. ಎಣ್ಣೆ ತುಂಬಿ, ಪಂಪು ಹೊಡೆದು, ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡ ಮಾಧವ ಅದನ್ನು ಅಣ್ಣನ ಕಡೆಗೆ ಚಾಚಿದನಂತೆ. 'ಎರಡು ಕಡ್ಡಿ ಆರಿದೂ' ಎಂದರು ಇವರು. ಮೂರನೆಯದಕ್ಕೆ ಹತ್ತಿತಂತೆ. ಆ ದಿನ ಖಾಂದೇರಿಯ ದೀಪ ಹಚ್ಚಿದವರು ನಿಮ್ಮ ಹಿರಿಯ ಮಗ, ಅತ್ತೆಯವರೇ. ಇದನ್ನು ನಿಮಗೆ ತಿಳಿಸಬೇಕಿತ್ತು.

ನಿಮ್ಮ ಸೊಸೆ,
ಶಾಂತಾ